ಅಕ್ಕನ ಪಾಲಿನ ಡಿಸ್ಕು

ಪ್ರೀತಿಯ ಅಕ್ಕನಿಗೆ,

ಭಾವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಫೋನಾದರೆ ನೀನು ಕಟ್ ಮಾಡುತ್ತೀಯ, ಗಂಡನನ್ನು ಕಟ್ ಮಾಡುವುದು ಸ್ವಲ್ಪ ಕಷ್ಟ. "ನಿನ್ನ ಹೆಸರೆತ್ತಿದ್ರೆ ಸಾಕು ಕಣೋ, ಪೆನ್ಸಿಲ್ ಚೂಪು ಮಾಡ್ತಾ ಕೂರ್ತಾಳೆ" ಎಂದರು. ಅಂದರೆ ಕೋಟು ಕತ್ತರಿಸುವ ಪ್ಯಾಟರ್ನ್‌ಗಳನ್ನು ಮತ್ತೆ ಬಿಡಿಸುತ್ತಿದ್ದೀಯ. ಹೋದ ಜೀವ ಬಂದಂತಾಯಿತು.

ನಮ್ಮ ಹೊಲಿಗೆ ಅಂಗಡಿಯ ಕಂಪ್ಯೂಟರಿನಿಂದ ಅವು ಅಳಿಸಿಹೋದದ್ದು ಕರೆಂಟು ಹೋಗಿದ್ದರಿಂದ ಎಂದಿದ್ದೆನಲ್ಲ, ಅದು ಸುಳ್ಳು. ಡಿಸ್ಕಿನ ಮೂರನೇ ಪಾಲನ್ನು, ಅಂದರೆ ಪಾರ್ಟಿಷನ್ನನ್ನು, ಅಳಿಸಿ ಹೊಸ ಫೈಲ್ ಸಿಸ್ಟಮ್ ಮಾಡಲು ಹೋಗಿ, ಕಮಾಂಡಿನಲ್ಲಿ ಎರಡು ಎಂದು ಒತ್ತಿದೆ. ಎರಡನೆಯದು ನಿನ್ನ ಪ್ಯಾಟರ್ನ್‌ಗಳಿದ್ದ ಪಾಲು. "ಇದರಲ್ಲಿ ಆಗಲೇ ಏನೋ ಇದೆ, ಮುಂದುವರಿಯಲೇ?" ಎಂದು ಕಂಪ್ಯೂಟರ್ ಕೇಳಿತು. ಸರ್ವಜ್ಞನಂತೆ ಹೂಂ ಅಂದೆ. ನಿನ್ನ ಆರು ವರ್ಷ ಒಂದು ಹೂಂಕಾರಕ್ಕೆ ಹೋಯಿತು.

ಇವತ್ತು ಹೊಸ ಡಿಸ್ಕ್ ತಂದೆ. ಮತ್ತೆ ತಪ್ಪಿ ಅಳಿಸದಂತೆ ಹಳೆಯವನ್ನೆಲ್ಲ ಕಳಚಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು, ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿದೆ. ಕಮಾಂಡನ್ನು ಮೊದಲು ಚಿಂದಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಕ್ಷರಕ್ಕೊಂದು ಗುಂಡುಪಿನ್ನು ಚುಚ್ಚಿ ತಾಳೆ ನೋಡಿದೆ. ಆಮೇಲೇ ಎಂಟರ್ ಒತ್ತಿದ್ದು. ಈ ಸಲ ಸರಿಯಾಯಿತು.

ಹೊಸ ಪಾರ್ಟಿಷನ್ನಿನೊಳಗೆ 'ಕಳೆದದ್ದು, ಸಿಕ್ಕಿದ್ದು' ಎಂಬ ಅರ್ಥದ ಫೋಲ್ಡರೊಂದು ತಾನಾಗಿಯೇ ಹುಟ್ಟಿದೆ. ದಡ್ಡನ ಆಸೆ, ತೆರೆದು ನೋಡಿದೆ. ಖಾಲಿ.

ಸೋಮವಾರ ಪೆನ್ಸಿಲ್ ಹಾಳೆಗಳನ್ನು ತೆಗೆದುಕೊಂಡು ಅಂಗಡಿಗೆ ಬಾ. ಸ್ಕ್ಯಾನರಿನ ಗಾಜು ಒರೆಸಿಟ್ಟಿದ್ದೇನೆ. ಡಿಸ್ಕಿಗೆ ಪಾಸ್‌ವರ್ಡ್ ನೀನೇ ಇಡು. ನಾನೆಷ್ಟು ಗೋಗರೆದರೂ ನನಗೆ ಹೇಳಬೇಡ.

ನಿನ್ನ ಪೆದ್ದು ತಮ್ಮ