ಎತ್ತಿ ಅಂಟಿಸಿದ ಹೂಗಳು

ಭಾನುವಾರ, ೧೪ನೇ ತಾರೀಖು

ಪ್ರೀತಿಯ ತಂಗೀ,

ದೇವರ ದಯೆಯಿಂದ ಚೆನ್ನಾಗಿದ್ದೇನೆ. ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಏನೆಂದು ಬರೆಯುವುದು ಎಂದೇ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ನೀನು ಗಿಡಗಳ ವಿವರ ಬರೆಯುತ್ತಿದ್ದ ಮೇಜಿಗೆ ಇನ್ನೂ ಯಾರೂ ಬಂದಿಲ್ಲ. ನಾನು ಅದೇ ಮೂಲೆಯಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುತ್ತಿದ್ದೇನೆ. ಹೋದ ಮಂಗಳವಾರ ಗಿಡ ತರುವ ಅಣ್ಣ ಹೊಸ ಕಟ್ಟು ತಂದ. ಬಿಚ್ಚಿದರೆ ಅದೇ ಬಳ್ಳಿ, ನಿನ್ನ ಕೆಲಸ ಕಳೆದ ಬಳ್ಳಿ. ಹೂಗಳೆಲ್ಲ ಕತ್ತು ಬಾಗಿಸಿಕೊಂಡಿದ್ದವು.

"ಏನಣ್ಣಾ, ಬಾಡಿಸ್ಕೊಂಡು ಬಂದಿದ್ದೀಯಲ್ಲ?" ಎಂದೆ.

"ಬಾಡಿಲ್ಲ ಅಕ್ಕಾ, ಅದು ಅರಳೋದೇ ಹಾಗೆ, ಕೆಳಗೆ ನೋಡ್ಕೊಂಡು. ಎಲ್ಲರೂ ನಿನ್ನ ಹಾಗೆ ಮುಖ ಎತ್ಕೊಂಡು ಜಗಳಕ್ಕೆ ಬರ್ತಾರಾ?" ಎಂದು ನಕ್ಕ.

ಹೋದ ವರ್ಷ ಇದೇ ಬಳ್ಳಿಯನ್ನು ಹಾಳೆಗೆ ಅಂಟಿಸಿದ್ದು ನಾನೇ. ಪಾಪ, ದಾರಿಯಲ್ಲಿ ಬಾಡಿವೆ ಎಂದುಕೊಂಡು, ಒದ್ದೆ ಹತ್ತಿಯಿಂದ ಮೆತ್ತಗೆ ಮಾಡಿ, ಒಂದೊಂದರ ಮುಖವನ್ನೂ ಮೇಲಕ್ಕೆತ್ತಿ ಅಂಟಿಸಿದ್ದೆ. ದೇವರ ಮುಂದೆ ಹೂವನ್ನು ಮುಖ ಕೆಳಗೆ ಮಾಡಿ ಇಡುತ್ತೇವೆಯೇ? ನೀನು ಆ ಹಾಳೆ ನೋಡಿ "ಹೂ ಮೇಲ್ಮುಖ" ಎಂದು ಬರೆದೆ. ಪುಸ್ತಕದಲ್ಲಿ ಅಚ್ಚಾಯಿತು. ಗುಡ್ಡದಲ್ಲಿ ಬಳ್ಳಿ ಕಂಡವರೊಬ್ಬರು "ಕೆಳಮುಖ" ಎಂದು ತೋರಿಸಿಕೊಟ್ಟರು; ಅವರು ಕಂಡದ್ದೂ ಬಾಡಿದ ಹೂವೇ ಇರಬೇಕೆಂದು ನಾನು ಅಂದುಕೊಂಡಿದ್ದೆ. ನೋಡದೆ ಬರೆದಳೆಂದು ಸರ್ ನಿನ್ನನ್ನು ಕಳಿಸಿಬಿಟ್ಟರು.

ಮಾರನೇ ದಿನವೇ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. "ಅಂಟಿಸೋರು ಹೇಗೋ ಅಂಟಿಸ್ತಾರಮ್ಮ, ಬರೆಯೋರಿಗೆ ಬುದ್ಧಿ ಇರ್ಬೇಕು. ಹೋಗಿ, ಕೆಲಸ ನೋಡ್ಕೊಳ್ಳಿ," ಎಂದರು.

ನನಗೆ ತಲೆಬುಡ ತಿಳಿಯುತ್ತಿಲ್ಲ. ನೀನು ಕಣ್ಣಿಗೆ ಕಂಡದ್ದನ್ನು ಬರೆದೆ. ಹಾಗೆ ಕಾಣುವಂತೆ ಮಾಡಿದವಳು ನಾನು. ತಪ್ಪು ಮಾತ್ರ ನಿನ್ನದು, ಇದು ಯಾವ ನ್ಯಾಯ? ನೀನೇ ಕಲಿಸಿದ್ದೆ: ಹೂವಿನ ಮುಖ ಬಳ್ಳಿಯ ತುದಿಯ ಕಡೆಗಾದರೆ ಮೇಲ್ಮುಖ, ಬುಡದ ಕಡೆಗಾದರೆ ಕೆಳಮುಖ. ಬಾಯಿಪಾಠ ಮಾಡಿದ್ದೇನೆ. ಆದರೆ ಮೇಜಿನ ಮೇಲೆ ಮಲಗಿದ ಹಾಳೆಗೆ ಮೇಲೆ ಯಾವುದು, ಕೆಳಗೆ ಯಾವುದು? ಇನ್ನೊಮ್ಮೆ ಹೋಗಿ ಹೇಳಲೇ, ಸುಮ್ಮನಿರಲೇ? ಪ್ರಾರ್ಥನೆಗೆ ಕೂತರೂ ಉತ್ತರ ಸಿಗುತ್ತಿಲ್ಲ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು, ನನ್ನದೇನೂ ಅಡ್ಡಿಯಿಲ್ಲ. ನಿನ್ನ ಬೆಲೆ ತಿಳಿದವರ ಬಳಿ ದೇವರು ನಿನಗೆ ಬೇಗ ಕೆಲಸ ಕೊಡಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ನೀನು ಹೆಸರಿಟ್ಟ ಅಂಟಕ್ಕ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸರ್ "ಹೋಗಿ, ಕೆಲಸ ನೋಡ್ಕೊಳ್ಳಿ" ಎಂದಾಗ ನನಗೆ ನಿನ್ನ ನೆನಪೇ ಆಗಲಿಲ್ಲ, ತಂಗೀ. ಸದ್ಯ, ಬದುಕಿದೆ ಎಂದುಕೊಂಡೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.