ವರ್ಡಿಯ ಗೋಡೆ ದಾಟದ ಗುಂಡು

ಅಕ್ಟೋಬರ್ 3, ಗುರುವಾರ

ವರ್ಡಿಯನ್ನು ಎಡಮಗ್ಗುಲಿಗೆ ಹೊರಳಿಸಿದೆ. ಮಾತ್ರೆ ಕೊಟ್ಟೆ. ಬಿಸ್ಕತ್ತು ಕಲ್ಲಿನ ಹಾಗಿದೆ ಎಂದಳು. ಲಕ್ವ ಹೊಡೆದು ತಂಗಿಯ ಬಲಗೈ ಬಲಗಾಲು ಹೋದವು. ನಾಲಿಗೆಗೆ ಮಾತ್ರ ಏನೂ ಆಗಿಲ್ಲ.

ಟಾಮ್ರ ಬರುವ ಮುಂಚೆ ಪಿಸ್ತೂಲು ಖಾಲಿ ಮಾಡಿದೆ. ಟಾಮ್ರ ಅಂದರೆ ವರ್ಡಿಗೆ ಸ್ನಾನ ಮಾಡಿಸಲು ಬರುವ ನರ್ಸಮ್ಮ. ತುಂಬಿದ ಬಂದೂಕು ಇರುವ ಮನೆಗೆ ಕಾಲಿಡಕೂಡದೆಂದು ಅವಳ ಕಂಪನಿಯ ನಿಯಮ. ಕೆಂಟಕಿಯ ಈ ಕಣಿವೆಯಲ್ಲಿ ಅಂಥ ನಿಯಮ ಮಾಡಿದವನು ಯಾವ ಲೋಕದವನೋ... ದಿನಾ ನಳಿಗೆಯಿಂದ ಆ ಒಂದು ತೋಟಾ ತೆಗೆಯುವುದು, ಅವಳು ಹೋದ ಮೇಲೆ ಅದನ್ನೇ ಮತ್ತೆ ಏರಿಸುವುದು. ಪಿಸ್ತೂಲನ್ನು ಏಪ್ರನ್ ಜೇಬಿಗೆ ಹಾಕಿಕೊಳ್ಳುವುದು.

ಇಟ್ಟುಕೊಳ್ಳದೆ ವಿಧಿಯಿಲ್ಲ. ಕೆಳಗಿನ ಮನೆಯ ಹ್ಯಾಚರ್ ಮುದುಕನನ್ನು ಅಮಲು ಕೊಡುವ ನೋವಿನ ಮಾತ್ರೆಗಾಗಿ ಕಳ್ಳರು ಬಡಿದು ಹಾಕಿ ಹೋದರು. ವರ್ಡಿಯ ಮಾತ್ರೆಯೂ ಅದೇ. ಎದ್ದು ಓಡುವ ಹಾಗಿಲ್ಲ ಅವಳು. ಅವಳಿಗೆ ಇರುವುದು ನಾನೊಬ್ಬಳು.

ಮಧ್ಯಾಹ್ನ ಸೂಪು ಕುಡಿಸುವಾಗ ಕೇಳಿದಳು, "ಪ್ಯಾಸೇಜಲ್ಲಿ ಯಾರೇ ಅದು ನಿಂತಿದ್ದು?"

"ಯಾರೂ ಇಲ್ಲ. ಬಾಯಿ ತೆಗಿ."

"ಇದ್ರು. ಮಾತಾಡ್ಸಿದೆ, ಮಾತಾಡ್ಲಿಲ್ಲ."

ಹೋಗಿ ನೋಡಿದೆ. ಬಾಗಿಲು ಚಿಲಕ ಹಾಕಿಯೇ ಇತ್ತು.

ಅಕ್ಟೋಬರ್ 5, ಶನಿವಾರ

ಹಾರ್ಲಿಸ್‌ನ ಬಂದೂಕಿನಂಗಡಿಗೆ ಹೋಗಿದ್ದೆ. ಜೇಬಿನಿಂದ ಪಿಸ್ತೂಲು ತೆಗೆದು ಕೊಟ್ಟೆ. ತೋಟಾ ಹೊರಗೆಳೆದು ಹೊಸದೊಂದರ ಪಕ್ಕ ನಿಲ್ಲಿಸಿದ. ನನ್ನದು ಗಿಡ್ಡ.

"ದಿನಾ ಇದೊಂದನ್ನೇ ತೆಗ್ದು ಏರ್ಸಿ ಮಾಡ್ತಿದ್ದೀರಾ, ಮಿಸ್ ನೋಲಾ?"

"ಮತ್ತೇನು, ದಿನಕ್ಕೊಂದು ಹೊಸದು ಹಾಕೋಕೆ ನಾನೇನು ರಾಣಿಯಾ?"

"ಪ್ರತಿ ಸಲ ಏರ್ಸುವಾಗ್ಲೂ ಮೂತಿ ಕುಟ್ಟಿಸ್ಕೊಂಡು ಗುಂಡು ಹಿತ್ತಾಳೆ ಕೊಳವೆ ಒಳಕ್ಕೆ ಕೂತ್ಕೊಳ್ತದೆ. ಒತ್ತಡ ಜಾಸ್ತಿಯಾಗಿ ಹೊಡೆದಾಗ ನಿಮ್ಮ ಕೈಯಲ್ಲೇ ಸಿಡೀಬೋದು. ಇದನ್ನ ಇಲ್ಲೇ ಬಿಡಿ. ಇನ್ಮೇಲೆ ಒಂದ್ಸಲ ಏರಿಸಿದ್ದನ್ನ ಮತ್ತೆ ಏರಿಸ್ಬೇಡಿ."

ನನಗೆ ಬೇಕಾದದ್ದು ಹೇಳಿದೆ. ಅಡುಗೆಮನೆಯಿಂದ ನೋಡಿದರೆ ಉದ್ದಕ್ಕೆ ಪ್ಯಾಸೇಜು, ಅದರ ತುದಿಗೆ ನೇರವಾಗಿ ವರ್ಡಿಯ ಕೋಣೆ. ನಮ್ಮದು ತೆಳು ಹಲಗೆಯ ಟ್ರೇಲರ್ ಮನೆ, ಗೋಡೆ ಅಂದರೆ ಹೆಸರಿಗೆ ಗೋಡೆ. ಕಳ್ಳ ಪ್ಯಾಸೇಜಿನಲ್ಲಿ ನಿಂತರೆ ಅವನ ಹಿಂದೆಯೇ ಅವಳ ಮಂಚ. ಬಂದವನ ಮೈಯಲ್ಲೇ ನಿಲ್ಲಬೇಕು, ತಂಗಿಯವರೆಗೆ ಹೋಗಬಾರದು, ಅಂಥ ಗುಂಡು ಕೊಡು ಎಂದೆ.

ತಲೆ ಕೆರೆದುಕೊಂಡ. "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಇಷ್ಟು ಪುಟ್ಟ ಪಿಸ್ತೂಲಲ್ಲಿ ಕಷ್ಟ. ದುಂಡು ಮೂತಿದು ಆಳಕ್ಕೆ ಹೋಗ್ತದೆ, ಆಚೆಗೂ ಹೋಗ್ತದೆ. ಟೊಳ್ಳು ಮೂತಿದು ಒಳಗೆ ಅರಳಿ ನಿಲ್ಬೇಕು. ಆದ್ರೆ ದಪ್ಪ ಬಟ್ಟೆ ಸಿಕ್ಕಿ ಟೊಳ್ಳು ಮುಚ್ಚಿಹೋದ್ರೆ ಅರಳಲ್ಲ, ಅದೂ ದುಂಡನೆಯದರ ಹಾಗೇ ಹೋಗ್ತದೆ. ನೀವೇ ಹೊಡ್ದು ನೋಡಿ."

ಮೂರು ತರಹದ್ದು ತಂದೆ.

ಅಕ್ಟೋಬರ್ 6, ಭಾನುವಾರ

ಚರ್ಚಿನಿಂದ ಬಂದು ಹಿತ್ತಲಲ್ಲಿ ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ತುಂಬಿ ಸಾಲಾಗಿಟ್ಟೆ. ಮುಂದಿನದಕ್ಕೆ ಸತ್ತ ನನ್ನ ಗಂಡನೆಂಬ ಪುಣ್ಯಾತ್ಮನ ಜೀನ್ಸ್ ಪ್ಯಾಂಟು ಮಡಚಿ ಹೊದಿಸಿದೆ. ಬದುಕಿದ್ದಾಗ ಇಷ್ಟು ಉಪಯೋಗಕ್ಕೆ ಬಂದಿರಲಿಲ್ಲ.

ದುಂಡು ಮೂತಿಯದು ಸಾಲನ್ನೆಲ್ಲ ತೂತು ಮಾಡಿ ಮಣ್ಣಿಗೆ ಹೋಯಿತು. ಎರಡನೆಯದರ ಟೊಳ್ಳಿನಲ್ಲಿ ಬಟ್ಟೆ ಮೆತ್ತಿಕೊಂಡು ಅದೂ ಹೋಯಿತು. ಮೂರನೆಯದು, ತಾಮ್ರದ್ದು, ನಡುವಿನ ಕ್ಯಾನಿನಲ್ಲಿ ಅರಳಿ ಬಿದ್ದಿತ್ತು. ಮತ್ತೆ ಹೊಡೆದೆ. ಮತ್ತೂ ಅಲ್ಲೇ ನಿಂತಿತು. ಇದೇ ಸರಿ. ಮನಸ್ಸಿಗೆ ನೆಮ್ಮದಿಯಾಯಿತು.

ಒಳಗೆ ಬಂದಾಗ ವರ್ಡಿ ಸಿಡಿಮಿಡಿ.

"ಅಲ್ಲೇ ನಿಂತು ನೋಡ್ತಾ ಇದ್ದೆಯಲ್ಲ, ನೀರು ಕೊಡು ಅಂದ್ರೆ ಕೊಡ್ಬಾರ್ದಾ?"

"ನಾನು ಹಿತ್ತಲಲ್ಲಿದ್ದೆ. ಸದ್ದು ಕೇಳ್ಲಿಲ್ವಾ?"

"ಕೇಳ್ತು," ಎಂದಳು.

ಅಕ್ಟೋಬರ್ 9, ಬುಧವಾರ

ಶೆಡ್ಡಿನಲ್ಲಿದ್ದ ಗೋಡೆ ಹಲಗೆ ಎರಡು ತಂದು ನಿಲ್ಲಿಸಿ, ಹಿಂದೆ ಕ್ಯಾನಿಟ್ಟು ಹೊಡೆದೆ. ಆ ತಾಮ್ರದ್ದೂ ತೂರಿಕೊಂಡು ಹೋಯಿತು. ಹಲಗೆಯ ಪುಡಿಯೇ ಟೊಳ್ಳಿಗೆ ತುಂಬಿಬಿಟ್ಟಿತ್ತು.

ಅಂದರೆ ಗುರಿ ತಪ್ಪಿದರೆ ಯಾವ ಗುಂಡನ್ನೂ ನಂಬುವ ಹಾಗಿಲ್ಲ.

ಗುಂಡು ಬದಲಾಗದಿದ್ದರೆ ಮಂಚ ಬದಲಾಗಲಿ. ಟಾಮ್ರಳನ್ನು ಕರೆದು ಚಕ್ರದ ಮಂಚವನ್ನು ಪ್ಯಾಸೇಜಿನ ನೇರಕ್ಕೆ ಸಿಗದ ಮೂಲೆಗೆ ತಳ್ಳಿದೆವು. ಬ್ರೇಕ್ ಒತ್ತಿದೆ. ಈಗ ಅಡುಗೆಮನೆಯಿಂದ ನೋಡಿದರೆ ಬರೀ ಕಿಟಕಿ ಕಾಣುತ್ತದೆ. ವರ್ಡಿ ಒಂದೇ ಸಮ ಗೊಣಗಿದಳು. ಗೊಣಗಲಿ, ಬದುಕಿರಲಿ.

ಅಕ್ಟೋಬರ್ 15, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ.

ಮಂಚ ಹಳೇ ಜಾಗಕ್ಕೇ ಬರುತ್ತಿದೆ. ಮೊದಲ ಸಲ ಟಾಮ್ರಳ ಮೇಲೆ ಕೂಗಾಡಿದೆ. ಎರಡನೆಯ ಸಲ ಭಾನುವಾರ, ಅವಳು ಬರುವ ದಿನವೇ ಅಲ್ಲ. ಇವತ್ತು ಕೋಳಿಗೆ ಕಾಳು ಹಾಕಿ ಬರುವಷ್ಟರಲ್ಲಿ... ಬಾಗಿಲ ನೇರಕ್ಕೆ, ಒಂದು ಬೆರಳೂ ಆಚೀಚೆ ಇಲ್ಲದೆ. ಬ್ರೇಕ್ ಒತ್ತಿಯೇ ಇದೆ.

"ಯಾರು ತಳ್ಳಿದ್ದು, ವರ್ಡಿ?"

"ಆಟ ಆಡ್ಬೇಡ, ನೋಲಾ. ನೀನೇ ತಳ್ದೆ."

"ನಾನಾ?"

"ಇನ್ಯಾರು ಈ ಮನೇಲಿ ಇರೋದು? ತಳ್ಬಿಟ್ಟು ಬಾಗ್ಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಅಳತೆ ನೋಡ್ದೆ. ನಂಗೆ ಹೆದ್ರಿಕೆ ಆಯ್ತು ಕಣೆ. ಹಾಗೆಲ್ಲ ಮಾಡ್ಬೇಡ."

ಎಡಗೈಯಲ್ಲಿ ನನ್ನ ತೋಳು ಹಿಡಿದುಕೊಂಡು ಅತ್ತಳು. ಅಮ್ಮ ಸತ್ತಾಗಲೂ ಅತ್ತವಳಲ್ಲ ಇವಳು.

ಅಕ್ಟೋಬರ್ 18, ಶುಕ್ರವಾರ

ಮತ್ತೆ ಹಾರ್ಲಿಸ್‌ನ ಅಂಗಡಿ. ಅವನು ಹೇಳಿದ ಮೇಲೆ ಒಂದು ಸಲ ಏರಿಸಿದ ತೋಟಾವನ್ನು ಮತ್ತೆ ಏರಿಸಿಲ್ಲ. ಇವತ್ತು ಬೆಳಿಗ್ಗೆ ಹೊಸ ಪೆಟ್ಟಿಗೆ ಒಡೆದು ಒಂದನ್ನು ಏರಿಸಿದ್ದೆ. ಒಂದೇ ಸಲ. ಪಿಸ್ತೂಲು ಕಿಟಕಿಯ ಕಟ್ಟೆಯ ಮೇಲಿಟ್ಟು ಸ್ನಾನ ಮಾಡಿ ಬಂದೆ. ತೆಗೆದು ನೋಡಿದರೆ ಗಿಡ್ಡ.

ಹಾರ್ಲಿಸ್ ಬೆಳಕಿಗೆ ಹಿಡಿದು ನೋಡಿದ. ನಗಲಿಲ್ಲ.

"ಇದನ್ನ ತುಂಬಾ ಸಲ ಏರ್ಸಿ ತೆಗ್ದಿದ್ದಾರೆ. ಅಂಚೆಲ್ಲ ಸವೆದಿದೆ ನೋಡಿ. ಯಾರೋ ಕೂತು ಅಭ್ಯಾಸ ಮಾಡ್ದಂಗಿದೆ."

"ಮನೇಲಿ ಯಾರೂ ಇಲ್ಲ. ವರ್ಡಿಗಿರೋದು ಒಂದೇ ಕೈ, ಎರಡು ಕೈ ಇಲ್ದೆ ಪಿಸ್ತೂಲು ಎಳೆಯೋಕಾಗಲ್ಲ."

"ಹಂಗಾದ್ರೆ ನೀವೇ, ಮಿಸ್ ನೋಲಾ. ಕೋಪ ಮಾಡ್ಕೋಬೇಡಿ. ನಮ್ಮಮ್ಮನೂ ಹಂಗೇ... ಮಾಡಿದ್ದು ನೆನಪಿರ್ತಿರ್ಲಿಲ್ಲ."

ದಾರಿಯುದ್ದಕ್ಕೂ ಅವನನ್ನು ಬೈದೆ. ಮನೆ ಹತ್ತಿರ ಬರುವಷ್ಟರಲ್ಲಿ ಬೈಗುಳ ಮುಗಿದಿತ್ತು.

ಅಕ್ಟೋಬರ್ 21, ಸೋಮವಾರ

ಯೋಚಿಸಿ ಯೋಚಿಸಿ ಸಾಕಾಯಿತು. ಹಾರ್ಲಿಸ್ ಹೇಳಿದ್ದೇ ಸರಿ ಇರಬೇಕು. ಮಂಚ ತಳ್ಳಿದ್ದು ನಾನೇ. ಬಾಗಿಲಲ್ಲಿ ನಿಂತು ಅಳತೆ ನೋಡಿದ್ದೂ ನಾನೇ. ಮರೆತಿದ್ದೇನೆ, ಅಷ್ಟೆ. ಅರುಳು ಮರುಳು.

ವಿಚಿತ್ರವೆಂದರೆ ಹೀಗೆ ಅಂದುಕೊಂಡ ಮೇಲೆ ಹಗುರವಾಯಿತು. ನನಗೆ ನಾನೇ ಹೆದರಿಕೆಯಾದರೆ ಅದಕ್ಕೆ ಮದ್ದಿದೆ. ನಾಳೆ ಸಂಜೆ ಹಾರ್ಲಿಸ್ ಬಂದು ಪಿಸ್ತೂಲು, ಗುಂಡು ಎಲ್ಲ ತೆಗೆದುಕೊಂಡು ಹೋಗಲಿ. ಫೋನು ಮಾಡಿ ಹೇಳಿದೆ. ಕಳ್ಳ ಬಂದರೆ ಮಾತ್ರೆ ಕೊಟ್ಟು ಕಳಿಸಿದರಾಯಿತು. ವರ್ಡಿ ಉಳಿದರೆ ಸಾಕು.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಅಕ್ಟೋಬರ್ 22, ಮಂಗಳವಾರ. ಮಧ್ಯಾಹ್ನ

ಅಡುಗೆಮನೆ ಮೇಜಿನಲ್ಲಿ ಕೂತಿದ್ದೇನೆ. ಬೀನ್ಸ್ ಬೇಯುತ್ತಿದೆ. ಟಾಮ್ರ ಆಗಲೇ ಹೋದಳು, ಪಿಸ್ತೂಲು ಮತ್ತೆ ಜೇಬಿಗೆ ಬಂತು. ವರ್ಡಿ ಎದ್ದಿರಬೇಕು, ದನಿ ಕೇಳುತ್ತಿದೆ.

"ದಿಂಬು ಸ್ವಲ್ಪ ಎತ್ತು, ನೋಲಾ. ಇನ್ನೂ ಸ್ವಲ್ಪ. ಹಾಂ, ಸಾಕು."

ನಾನು ಇಲ್ಲಿದ್ದೇನೆ.

"ಯಾಕೇ ನಿನ್ನ ಕೈ ಇಷ್ಟು ತಣ್ಣಗಿದೆ?"

ನಾನು ಇಲ್ಲಿ ಕೂತಿದ್ದೇನೆ. ಬರೆಯುತ್ತಿದ್ದೇನೆ. ಬರೆಯುತ್ತಿರುವುದು ನಾನು. ಹಾಗಾದರೆ ಮರೆವಲ್ಲ. ನಾನಲ್ಲ. ದೇವರೇ, ನಾನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಮಂಚದ ಚಕ್ರದ ಸದ್ದು.

"ವರ್ಡಿ" ಎಂದು ಕೂಗಿದೆ. ಒಳಗಿಂದ ಮೆಲ್ಲಗೆ, ಪುಟ್ಟ ಮಗುವಿನ ಹಾಗೆ ಕೇಳುತ್ತಿದ್ದಾಳೆ, "ನೋಲಾ... ಅಲ್ಲಿ ಕೂಗಿದ್ದು ಯಾರೇ?"

ಪ್ಯಾಸೇಜಿನ ತುದಿಗೆ ಬಂದು ನಿಂತಿದೆ. ನನ್ನ ಏಪ್ರನ್. ನನ್ನ ಹಾಗೇ ಎಡಕ್ಕೆ ವಾಲಿದ ಹೆಗಲು. ಅದರ ಬೆನ್ನ ಹಿಂದೆ ನೇರವಾಗಿ ವರ್ಡಿಯ ತಲೆ, ಎತ್ತಿಟ್ಟ ದಿಂಬಿನ ಮೇಲೆ. ಹೊಡೆಯಲಾರೆ. ಯಾವ ಗುಂಡಿನಲ್ಲೂ ಹೊಡೆಯಲಾರೆ.

ಜೇಬಿಗೆ ಕೈ ಹಾಕಿದೆ. ಖಾಲಿ.

ಅದು ನನ್ನ ಪಿಸ್ತೂಲು ಹಿಡಿದ ಕೈ ಎತ್ತುತ್ತಿದೆ. ಒಂದು ಕಣ್ಣು ಮುಚ್ಚಿಕೊಂಡಿದೆ. ಅದಕ್ಕೆ ಯೋಚನೆಯೇ ಇಲ್ಲ, ನನ್ನ ಹಿಂದೆ ಯಾರೂ