ಸೈಟ್ ಸರಿಯಿದ್ದ ದಿನಗಳು

ಮಾರ್ಚ್ 2, ಬೆಳಿಗ್ಗೆ

ಮತ್ತೆ ಅದೇ. ‘ಟೂ ಮೆನಿ ಕನೆಕ್ಷನ್ಸ್’. ಡೇಟಾಬೇಸ್ ರೀಸ್ಟಾರ್ಟ್ ಮಾಡಿದೆ, ಸೈಟ್ ಎದ್ದಿತು. ನಾಳೆ ಬೆಳಿಗ್ಗೆ ಮತ್ತೆ ಬೀಳುತ್ತದೆ.

ನಜರ್‌ಬಾದಿನ ಪಂಕಜಾ ಮೇಡಂ ವೆಬ್‌ಸೈಟ್. ರಿಟೈರ್ಡ್ ಲೆಕ್ಚರರ್. ಕಣ್ಣು ಕಾಣದ ಪಿಯುಸಿ ಮಕ್ಕಳಿಗೆ ಪಾಠ ಓದಿ, ರೆಕಾರ್ಡ್ ಮಾಡಿ ಹಾಕುತ್ತಾರೆ. ಪಿಎಚ್‌ಪಿ ಕೋಡ್ ಯಾವ ಪುಣ್ಯಾತ್ಮ ಬರೆದನೋ, ಈಗ ನನ್ನ ತಲೆಗೆ ಬಂದಿದೆ.

“ಸೈಟ್ ಮಲಗಿಬಿಟ್ಟಿದೆ ಕಣಮ್ಮ ಮಾಲವಿಕಾ. ತಿಂಡಿ ಆಯ್ತಾ ನಿಂದು?” ದಿನಾ ಬೆಳಿಗ್ಗೆ ಮೇಡಂ ಫೋನ್ ಹೀಗೇ.

ಆಯ್ತು ಅಂದೆ. ಸುಳ್ಳು. ಆಮೇಲೆ ಅವರ ಮಂಡಿನೋವು, ತರಕಾರಿ ರೇಟು... ಇಡೀ ದಿನಕ್ಕೆ ನನ್ನ ಮಾತು ಅಷ್ಟೇ. ಅಮ್ಮ ಹೋದ ಮೇಲೆ ಹೂಟಗಳ್ಳಿಯ ಈ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ.

ಮಾರ್ಚ್ 4

ಹೊಸ ತಕರಾರು. ಅಪ್‌ಲೋಡ್ ಆಗುತ್ತಿಲ್ಲ — ‘ಪರ್ಮಿಷನ್ ಡಿನೈಡ್’. ಹೊಸ ಆಡಿಯೋ ಫೋಲ್ಡರಿನಲ್ಲಿ ಬರೆಯಲು ವೆಬ್ ಸರ್ವರಿಗೆ ಅನುಮತಿ ಇಲ್ಲ. ಹಳೆಯ ಫೋಲ್ಡರುಗಳಿಗೋ, ಛತ್ರದ ಬಾಗಿಲ ಹಾಗೆ ಊರಿಗೆಲ್ಲ ಅನುಮತಿ. ಮಹಾನುಭಾವ! ಎಲ್ಲ ಸರಿ ಮಾಡಿದೆ.

ಅದರ ನಡುವೆ ದಿನಾ ಬೀಳುವ ರೋಗದ ಬೇರೂ ಸಿಕ್ಕಿತು. ಪ್ರತಿ ಪುಟವೂ ಡೇಟಾಬೇಸಿಗೆ ಹೊಸ ಕನೆಕ್ಷನ್ ತೆರೆಯುತ್ತದೆ, ಮುಚ್ಚುವುದೇ ಇಲ್ಲ. ರಾತ್ರಿ ಮಕ್ಕಳು ಪಾಠ ಕೇಳಿದರೆ ಬೆಳಿಗ್ಗೆ ಹೊತ್ತಿಗೆ ಫುಲ್. ಒಂದೇ ಫೈಲ್ ಬದಲಿಸಿದೆ. ಹಳೆಯದನ್ನು ಪಕ್ಕದಲ್ಲೇ ಇಟ್ಟೆ, ಅಭ್ಯಾಸ.

ಮಾರ್ಚ್ 5

ಫೋನ್ ಬರಲಿಲ್ಲ. ಸೈಟ್ ಓಡುತ್ತಿದೆ. ಒಳ್ಳೆಯದೇ.

ಮಾರ್ಚ್ 6

ಓಡುತ್ತಿದೆ.

ಮಾರ್ಚ್ 10

ನಾನೇ ಫೋನ್ ಮಾಡಿದೆ. “ತುಂಬಾ ಚೆನ್ನಾಗಿದೆ ಕಣಮ್ಮ! ಇನ್ನು ನಿನಗೆ ನನ್ನ ಕಾಟ ಇಲ್ಲ ಬಿಡು” ಅಂದರು, ನಕ್ಕರು, ಇಟ್ಟುಬಿಟ್ಟರು.

ಆ ಕಾಟ ಬೇಕಿತ್ತು ಮೇಡಂ.

ಮಾರ್ಚ್ 12, ಸಂಜೆ

ಹಳೆಯ ಫೈಲ್ ವಾಪಸ್ ಹಾಕಿದೆ. ಒಂದೇ ಒಂದು ಬೆಳಿಗ್ಗೆಯ ಮಟ್ಟಿಗೆ. ಅವರು ಫೋನ್ ಮಾಡುತ್ತಾರೆ, ತಕ್ಷಣ ಸರಿ ಮಾಡುತ್ತೇನೆ. ಯಾರಿಗೇನು ನಷ್ಟ?

ಬುದ್ಧಿ ಇದೆಯಾ ಮಾಲವಿಕಾ ನಿನಗೆ... ಇರಲಿ. ಒಂದು ದಿನ.

ಮಾರ್ಚ್ 13

ಏಳಕ್ಕೆಲ್ಲ ಸೈಟ್ ಬಿತ್ತು. ಫೋನ್ ಕೈಯಲ್ಲೇ ಹಿಡಿದು ಕೂತೆ. ಎಂಟಾಯಿತು. ಎಂಟೂವರೆ. ಈಗ ಮಾಡುತ್ತಾರೆ, ಈಗ ಮಾಡುತ್ತಾರೆ... ಒಂಬತ್ತು ದಾಟಿದ ಮೇಲೆ ಗೊತ್ತಿಲ್ಲದ ನಂಬರ್.

“ಅಕ್ಕಾ, ನಾನು ಸಿಂಚನ, ಕುಂಬಾರಕೊಪ್ಪಲಿಂದ. ಮೇಡಂ ಸ್ಟೂಡೆಂಟು. ಸೈಟ್ ಓಪನ್ನೇ ಆಯ್ತಿಲ್ಲ ಕಣಕ್ಕ! ಹತ್ತಕ್ಕೆ ಹಿಸ್ಟರಿ ಎಕ್ಸಾಮು. ಕೊನೆ ಪಾಠ ಬೆಳಿಗ್ಗೆ ಕೇಳಾಣ ಅಂತ ಬುಟ್ಟಿದ್ದೆ. ಮೇಡಂಗೆ ಫೋನ್ ಮಾಡ್ದೆ. ಮಾಲವಿಕಂಗೆ ಎಷ್ಟೂಂತ ತೊಂದ್ರೆ ಕೊಡೋದು, ಸ್ವಲ್ಪ ಹೊತ್ತು ನೋಡಾಣ ಅಂದ್ರು. ನಾನು ಎಷ್ಟೊತ್ತು ನೋಡ್ಲಿ? ಸೈಟಲ್ಲಿದ್ದ ನಿಮ್ ನಂಬರ್ ಮೊದ್ಲೇ ಸೇವ್ ಮಾಡ್ಕೊಂಡಿದ್ದೆ...” ಅತ್ತಳು.

ಸರಿ ಮಾಡಿದ್ದ ಫೈಲ್ ಹಾಕಿದೆ. ರೀಸ್ಟಾರ್ಟ್.

“ಬಂತು ಅಕ್ಕಾ! ಅಯ್ಯೋ... ಆಟೋನೂ ಬಂದ್ಬುಡ್ತು.” ಇಟ್ಟಳು.

ಲಾಗ್ ನೋಡಿದೆ. ಹತ್ತರವರೆಗೂ ಆ ಪಾಠವನ್ನು ಯಾರೂ ತೆರೆಯಲಿಲ್ಲ.

ಮಾರ್ಚ್ 14

ಮೇಡಂ ಫೋನ್. ಕಾದು ಕೂತಿದ್ದ ಫೋನ್.

“ಆ ಪಾಠದ್ದೇ ದೊಡ್ಡ ಪ್ರಶ್ನೆ ಬಂದಿತ್ತಂತೆ ಕಣಮ್ಮ. ಬಿಟ್ಟು ಬಂದಿದಾಳೆ. ಎಲ್ಲಾ ನನ್ನ ತಪ್ಪು. ನಿನಗೆ ಏಳಕ್ಕೇ ಹೇಳಿದ್ರೆ ನೀನು ಸರಿ ಮಾಡಿಬಿಡ್ತಿದ್ದೆ. ಸುಡುಗಾಡು ಸಂಕೋಚ ನಂದು. ಆ ಮಗೂಗೆ ಹೊಡೆತ ಬಿತ್ತು.”

“ಇಲ್ಲ ಮೇಡಂ” ಅಂದೆ.

“ನಿನಗೆ ಥ್ಯಾಂಕ್ಸ್ ಹೇಳಲೇಬೇಕಂತೆ ಅವಳು. ನಾಳೆ ಇಬ್ಬರೂ ಬರ್ತೀವಿ. ಏನೂ ಮಾಡ್ಬೇಡ, ಇಡ್ಲಿ ನಾನೇ ತರ್ತೀನಿ.”

ಮಾರ್ಚ್ 15

ಮನೆ ಗುಡಿಸಿದೆ. ಲೋಟ ತೊಳೆದಿಟ್ಟೆ. ಅಮ್ಮನ ತಿಥಿ ಬಿಟ್ಟರೆ ಈ ಮನೆಗೆ ಯಾರೂ ಬಂದಿರಲಿಲ್ಲ. ಇಂಥದ್ದೊಂದು ದಿನ ಬರಲಿ ಅಂತ ಎಷ್ಟು ಆಸೆಪಟ್ಟಿದ್ದೆ. ಈಗ ಬಸ್ಸು ತಪ್ಪಲಿ, ಮಂಡಿ ನೋಯಲಿ, ಬರದೇ ಇರಲಿ ಅನ್ನಿಸುತ್ತಿದೆ. ಥೂ.

ಗೇಟಿನ ಸದ್ದು. “ಮೆಟ್ಟಿಲಿದೆ ಕಣೇ, ನಿಧಾನ” ಅನ್ನುತ್ತಿದ್ದಾರೆ ಮೇಡಂ. ಆ ಹುಡುಗಿ ನಗುತ್ತಿದ್ದಾಳೆ.

ಥ್ಯಾಂಕ್ಸ್ ಅನ್ನುವ ಮೊದಲೇ ಹೇಳಿಬಿಡಬೇಕು. ಮೇಡಂ ತಪ್ಪಲ್ಲ ಸಿಂಚನಾ, ಆ ಫೈಲನ್ನು ನಾನೇ—